ಗಾಳಿಮಳೆಯಲ್ಲಿ ಮನೆಯ ಈಜುಕೊಳ: ಬರಿದು ಮಾಡುವುದೇ ಅಪಾಯ

ನೀಲಗಿರಿಯ ಮಳೆಗೆ ಒಂದೇ ಕಾಲವಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗೂಡಲೂರು, ದೇವಾಲಗಳ ಕಡೆ ಮುಂಗಾರು ಸುರಿಯುತ್ತಿರುವಾಗ ಅದೇ ಜಿಲ್ಲೆಯ ಮಸಿನಗುಡಿ ಬೆಟ್ಟದ ಮರೆಯಲ್ಲಿ ಮಳೆ ಕಡಿಮೆಯಾಗಿ ಉಳಿಯುತ್ತದೆ. ಕೂನೂರು, ಕೋತಗಿರಿಗಳಿಗೆ ಅಕ್ಟೋಬರ್, ನವೆಂಬರ್ ತಿಂಗಳ ಹಿಂಗಾರೇ ದೊಡ್ಡ ಮಳೆ. 2009ರ ನವೆಂಬರ್‌ನಲ್ಲಿ ಆ ಜಿಲ್ಲೆಯಲ್ಲಿ ಗುಡ್ಡ ಜರಿದು 40ಕ್ಕೂ ಹೆಚ್ಚು ಮಂದಿ ಸತ್ತರು. 2019ರ ಆಗಸ್ಟ್‌ನಲ್ಲಿ ಉದಕಮಂಡಲದ ಬಳಿಯ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರ್ ಮೀರಿ ಮಳೆ ಬಿತ್ತು.

ಇಂಥ ಮಳೆಯ ಊರುಗಳಲ್ಲೂ, ನಮ್ಮ ಕಾಸರಗೋಡಿನಲ್ಲೂ ಈಗ ಮನೆಯಂಗಳದಲ್ಲಿ ಈಜುಕೊಳ ಕಟ್ಟಿಸುವವರಿದ್ದಾರೆ. ಗಾಳಿಮಳೆಯ ಮುನ್ಸೂಚನೆ ಬಂದಾಗ ಅನೇಕರಿಗೆ ಮೊದಲು ತೋಚುವ ಉಪಾಯವೆಂದರೆ ಕೊಳದ ನೀರನ್ನೆಲ್ಲ ಹೊರಹಾಕುವುದು. ನಾವು ಹೇಳಬೇಕಾದ ಮೊದಲ ಮಾತು ಅದರ ಬಗ್ಗೆಯೇ: ಬರಿದು ಮಾಡಬೇಡಿ.

ಅಡಿಕೆ ತೋಟದಲ್ಲಿ ಕೆರೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೂಳು ತೆಗೆಯುವುದು ಬೇಸಗೆಯಲ್ಲಿ. ಆಟಿಯ ಮಳೆಗೆ ಪಂಪು ಇಟ್ಟು ಕೆರೆ ಬತ್ತಿಸುವವರಿಲ್ಲ. ಬತ್ತಿಸಿದರೆ ನೆನೆದ ಮಣ್ಣಿನ ಒತ್ತಡಕ್ಕೆ ಎದುರು ನಿಲ್ಲುವ ನೀರಿಲ್ಲದೆ ಕಟ್ಟಿದ ಕಲ್ಲು ಒಳಕ್ಕೆ ಜರಿಯುತ್ತದೆ. ಕಾಂಕ್ರೀಟ್ ಕೊಳದ ಕಥೆಯೂ ಅದೇ. 8 ಮೀಟರ್ ಉದ್ದ, 4 ಮೀಟರ್ ಅಗಲದ ಕೊಳವೊಂದನ್ನು ಎಣಿಸಿಕೊಳ್ಳಿ. ಮಳೆಗೆ ಅಂತರ್ಜಲ ಅದರ ತಳದಿಂದ ಒಂದು ಮೀಟರ್ ಮೇಲಕ್ಕೆ ಏರಿದರೆ, ಸುಮಾರು 32 ಟನ್ ಬಲದಿಂದ ಕೊಳವನ್ನು ಮೇಲಕ್ಕೆ ನೂಕುತ್ತದೆ. ಒಳಗೆ ಒಂದೂವರೆ ಮೀಟರ್ ನೀರಿದ್ದರೆ ಅದರ ತೂಕವೇ 48 ಟನ್, ಕೊಳ ಅಲುಗದು. ಬರಿದಾಗಿದ್ದರೆ ಅದು ದೋಣಿಯಂತೆ ಮೇಲೇಳಬಹುದು, ಇಲ್ಲವೇ ತಳ ಬಿರಿಯಬಹುದು.

ಹಾಗಾದರೆ ತುಂಬಿ ಹರಿಯುವ ನೀರಿಗೇನು ದಾರಿ? ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಡುವುದು ಸಾಮಾನ್ಯವಾಗಿ ದಿನಕ್ಕೆ 20 ಸೆಂಟಿಮೀಟರಿಗಿಂತ ಹೆಚ್ಚು ಮಳೆಯ ನಿರೀಕ್ಷೆ ಇದ್ದಾಗ. ಅಷ್ಟು ಮಳೆ ನೇರವಾಗಿ ಕೊಳಕ್ಕೆ ಬಿದ್ದರೂ ಮಟ್ಟ ಏರುವುದು ಒಂದಡಿಗಿಂತ ಕಡಿಮೆ. ಆದ್ದರಿಂದ ಮುಂಚಿತವಾಗಿ ಒಂದಡಿ ತಗ್ಗಿಸಿದರೆ ಸಾಕು. ಮಾಡಿನ ನೀರು, ಅಂಗಳದ ನೀರು ಕೊಳಕ್ಕೆ ಇಳಿಯದಂತೆ ಚರಂಡಿ ಬಿಡಿಸಿ. ಹೆಚ್ಚಿನ ನೀರು ಹೋಗುವ ಕೊಳವೆಯ ಬಾಯಿಗೆ ತರಗೆಲೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ.

ಆ ನೀರು ಕೊನೆಗೆ ಎಲ್ಲಿ ಸೇರುತ್ತದೆ ಎಂಬುದು ಗುಡ್ಡದ ಊರಿನಲ್ಲಿ ಪ್ರಾಣದ ಪ್ರಶ್ನೆ. ಕೊಳದ ನೀರನ್ನು ಬರೆಯ ಅಂಚಿಗೆ ಬಿಟ್ಟರೆ ಮಣ್ಣು ನೆನೆದು, ಭಾರವಾಗಿ, ಹಿಡಿತ ಸಡಿಲಿ, ಕೆಳಗಿನ ಮನೆಯ ಮೇಲೆ ಕುಸಿಯಬಹುದು. ಮೇಲಿನವರ ಅನುಕೂಲ ಕೆಳಗಿನವರ ಆಪತ್ತಾಗಬಾರದು. ನೀರನ್ನು ಕೊಳವೆಯಲ್ಲೇ ಒಯ್ದು ಗಟ್ಟಿ ಚರಂಡಿಗೆ ಸೇರಿಸಬೇಕು. ಕೊಳದ ಸುತ್ತ ಹೊಸ ಬಿರುಕು ಕಂಡರೆ, ಬರೆಯಿಂದ ಕೆಸರು ನೀರು ಒಸರಿದರೆ, ಕೆಳಗಿನ ಮನೆಯವರಿಗೆ ತಿಳಿಸಿ ಎಲ್ಲರೂ ಅಲ್ಲಿಂದ ಸರಿಯುವುದು ಲೇಸು.

ಗುಡುಗು ಕೇಳಿದ ಕೂಡಲೇ ನೀರಿನಲ್ಲಿರುವವರು ಮೇಲೆ ಬರಬೇಕು. ಪಂಪು ಮತ್ತು ಕೊಳದ ದೀಪಗಳ ಮೈನ್ ಸ್ವಿಚ್ ಆರಿಸಿ. ಪಂಪಿನ ಕೋಣೆಗೆ ನೀರು ನುಗ್ಗಿದ್ದರೆ ಕೆಲಸ ಬಲ್ಲವರು ನೋಡುವ ತನಕ ಮುಟ್ಟಬೇಡಿ. ತಂತಿ ಕಡಿದು ಬಿದ್ದಿದ್ದರೆ ಕೊಳದ ಹತ್ತಿರವೂ ಸುಳಿಯಬೇಡಿ. ವಿದ್ಯುತ್ ಇಲಾಖೆಗೆ ತಿಳಿಸಿ. ಹಗುರ ಕುರ್ಚಿ, ಹೂಕುಂಡಗಳನ್ನು ಮೊದಲೇ ಒಳಗಿಡಿ.

ಮಳೆ ಹೊಳವಾದ ಮೇಲೆ ಮಕ್ಕಳು ಕೊಳಕ್ಕಿಳಿಯಲು ಆತುರಪಡುತ್ತಾರೆ. ಆಗಲೇ ತಡೆಯಬೇಕಾದದ್ದು. ಮಳೆನೀರು ಕ್ಲೋರಿನನ್ನು ತೆಳುಮಾಡಿರುತ್ತದೆ. ಕೊಚ್ಚಿ ಬಂದ ಮಣ್ಣು, ಎಲೆಗಳು ಉಳಿದದ್ದನ್ನೂ ತಿಂದು ಮುಗಿಸುತ್ತವೆ. ಮೊದಲು ಕಸ ತೆಗೆದು, ನೀರು ಸೋಸಿ, ಆಮೇಲೆ ಕ್ಲೋರಿನ್ ಹಾಕಬೇಕು. ಪರೀಕ್ಷೆಯ ಪಟ್ಟಿಯಲ್ಲಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಕಾಣಬೇಕು. ತಳ ಸ್ಪಷ್ಟವಾಗಿ ಕಾಣಬೇಕು. ಬಗ್ಗಡದಲ್ಲಿ ಮುಳುಗಿದ ಮಗು ಮೇಲಿನಿಂದ ಕಾಣುವುದಿಲ್ಲ.

ಇದು ಬರಿಯ ಶುಚಿತ್ವದ ಮಾತಲ್ಲ. ಅಮೀಬಾದಿಂದ ಬರುವ ಮೆದುಳಿನ ರೋಗಕ್ಕೆ 2024 ಮತ್ತು 2025ರಲ್ಲಿ ಕೇರಳದಲ್ಲಿ ಮಕ್ಕಳೂ ದೊಡ್ಡವರೂ ಬಲಿಯಾದರು. ಅದಕ್ಕೆ ಕಾರಣವಾದ ಒಂದು ಜಾತಿಯ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುತ್ತದೆ. ಕುಡಿದರೆ ಅಂಟುವುದಿಲ್ಲ, ನೀರು ಮೂಗಿಗೆ ನುಗ್ಗಿದರೆ ಮೆದುಳಿಗೆ ಏರುತ್ತದೆ. ಸರಿಯಾಗಿ ಕ್ಲೋರಿನ್ ಉಳಿಸಿಕೊಂಡ ಕೊಳದಲ್ಲಿ ಅದಕ್ಕೆ ಬಾಳುವೆ ಕಷ್ಟ. ಈಜಿದ ಕೆಲವು ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ವಾಂತಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಈಜಿದ ಸಂಗತಿಯನ್ನು ವೈದ್ಯರಿಗೆ ಹೇಳಬೇಕು.

ಕೊಳಕ್ಕೆ ಬೇಲಿ, ಬೇಲಿಗೆ ಬಾಗಿಲು, ಬಾಗಿಲಿಗೆ ಚಿಲಕ ಇರಲಿ. ಮಳೆ ಹಿಡಿಯುವ ಮುಂಚೆ ಮನೆಯ ದೊಡ್ಡವರೆಲ್ಲರಿಗೂ ಎರಡು ವಿಷಯ ತಿಳಿದಿರಲಿ: ಪಂಪಿನ ಮೈನ್ ಸ್ವಿಚ್ ಎಲ್ಲಿದೆ, ಕೊಳ ತುಂಬಿದ ನೀರು ಯಾರ ಮನೆಯ ಕಡೆಗೆ ಇಳಿಯುತ್ತದೆ.