ವೃತ್ತಿಯ ಕಳಂಕ

ಪೂರ್ವದಲ್ಲಿ ಗ್ರೀಕರು ಗುಲಾಮರ ಮೈಮೇಲೆ ಇಡುತ್ತಿದ್ದ ಗುರುತಿಗೆ ‘ಸ್ಟಿಗ್ಮಾ’ ಎಂದು ಹೆಸರು, ನಾವು ಕಳಂಕವೆನ್ನೋಣ. ಹೊಟ್ಟೆಪಾಡಿನ ಕೆಲಸದಿಂದಲೇ ಕಳಂಕವಂಟಿದವನು ತನ್ನನ್ನು ತಾನು ಏನೆಂದು ಭಾವಿಸಿಕೊಳ್ಳುವನು? ಅಮೆರಿಕಾ ದೇಶದ ಅರಿಜೋನಾದಲ್ಲಿ ವ್ಯವಹಾರಶಾಸ್ತ್ರವನ್ನು ಬೋಧಿಸುತ್ತಿದ್ದ ಬ್ಲೇಕ್ ಆಶ್‌ಫರ್ತ್ ಎಂಬ ಪಂಡಿತರು ಗ್ಲೆನ್ ಕ್ರೈನರ್ ಎಂಬವರೊಡಗೂಡಿ 1999ರಲ್ಲಿ ಇದನ್ನು ವಿಚಾರಮಾಡಿದರು. ‘ನೀನಿದನ್ನು ಹೇಗೆ ತಾನೆ ಮಾಡುತ್ತೀಯೆ?’ ಎಂದು ಜನರು ಕೇಳುವ ಪ್ರಶ್ನೆಯೇ ಅವರ ಲೇಖನದ ಹೆಸರು.

ಕಸವೆತ್ತುವವರೂ ಶವಸಂಸ್ಕಾರದ ವೃತ್ತಿಯವರೂ ಆತ್ಮಗೌರವಹೀನರೆಂದು ನಾವು ಊಹಿಸುವೆವಷ್ಟೆ? ಹಾಗಲ್ಲವಂತೆ. ಲೋಕದ ತಿರಸ್ಕಾರವೇ ಅವರನ್ನು ಒಗ್ಗೂಡಿಸುವುದು. ಒಗ್ಗೂಡಿದವರು ತಮ್ಮ ಕೆಲಸಕ್ಕೆ ಬೇರೊಂದು ಅರ್ಥವನ್ನು ಕಂಡುಕೊಳ್ಳುವರು. ತಾವು ಹೆಣಗಳನ್ನು ಸಾಗಿಸುವವರಲ್ಲ, ಬಂಧುಗಳ ಶೋಕಭಾರವನ್ನು ಇಳಿಸುವವರೆಂದು ಶವಸಂಸ್ಕಾರದವರು ತಿಳಿಯುವರು. ಇದು ಬರಿಯ ಸಮಾಧಾನವೆಂದು ನನಗೆ ತೋರದು. ಶೋಕವನ್ನು ಕಂಡವರೆಲ್ಲ ಇದರ ಸತ್ಯವನ್ನು ಬಲ್ಲರು. ಆದರೂ ಹೊರಗಿನವರ ನೋಟ ಬದಲಾಗದಿರುವುದರಿಂದ ಅವರ ಮನಸ್ಸಿನ ಅಳುಕು ಪೂರ್ತಿಯಾಗಿ ಅಳಿಯದು.