ನಾಯಿಯ ಕಣ್ಣಿನ ಪೊರೆ

ನಮ್ಮ ಶಾಲೆಯ ಬಾಲಕನೊಬ್ಬನು ಒಂದು ದಿನ, ತಮ್ಮ ಮನೆಯ ನಾಯಿಯ ಕಣ್ಣು ಹಾಲಿನಂತೆ ಬೆಳ್ಳಗಾಗಿ ಅದು ಬಾಗಿಲಿಗೆ ಢಿಕ್ಕಿ ಹೊಡೆಯುತ್ತದೆಂದು ನಮ್ಮಲ್ಲಿ ಹೇಳಿದನು. ಮಡಕೆಯ ನೀರನ್ನೆಲ್ಲ ಅದೇ ಕುಡಿದು ಮುಗಿಸುತ್ತದೆಂಬುದು ಅವನ ಬೇರೆಯ ದೂರು. ಇವೆರಡೂ ಒಂದೇ ದೂರೆಂದು ಅವನಿಗೆ ತಿಳಿದಿರಲಿಲ್ಲ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಹೊಟ್ಟೆ ತುಂಬ ತಿಂದರೂ ಸೊರಗುವಿಕೆ ಇವು ಮಧುಮೇಹದ ಕುರುಹುಗಳು. ಮನುಷ್ಯರಂತೆ ನಾಯಿಗಳಿಗೂ ಈ ರೋಗವುಂಟು.

ಕಣ್ಣಿನೊಳಗಿನ ತಿಳಿಯಾದ ಮಸೂರಕ್ಕೆ ರಕ್ತನಾಳಗಳಿಲ್ಲ. ಸುತ್ತಲಿನ ದ್ರವದಿಂದಲೇ ಅದು ಗ್ಲೂಕೋಸನ್ನು ಪಡೆಯುತ್ತದೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ಮಸೂರದೊಳಗೂ ಅದು ಹೆಚ್ಚಿ, ಸಾರ್ಬಿಟಾಲ್ ಎಂಬ ಪದಾರ್ಥವಾಗಿ ಮಾರ್ಪಡುತ್ತದೆ. ಇದು ಹೊರಕ್ಕೆ ಸುಲಭವಾಗಿ ಹೋಗಲಾರದು. ನೀರನ್ನು ಒಳಕ್ಕೆ ಸೆಳೆಯುತ್ತದೆ. ನೆನೆಹಾಕಿದ ಕಡಲೆಯಂತೆ ಮಸೂರವು ಉಬ್ಬಿ, ಅದರ ಎಳೆಗಳು ಕೆಟ್ಟು ಬೆಳ್ಳಗಾಗುತ್ತದೆ. ಮಧುಮೇಹವು ಗೊತ್ತಾದ ಒಂದು ವರ್ಷದೊಳಗೆ ನಾಲ್ಕು ನಾಯಿಗಳಲ್ಲಿ ಸುಮಾರು ಮೂರಕ್ಕೆ ಪೊರೆ ಬರುವುದು ಕಂಡುಬಂದಿದೆ. ಬೆಕ್ಕಿಗಾದರೋ ಇದು ಅಪೂರ್ವ.

ನಮ್ಮ ಮನೆಗಳಲ್ಲಿ ಅಜ್ಜನ ಪೊರೆ 'ಬಲಿಯಲಿ' ಎಂದು ಕಾಯುವ ರೂಢಿಯಿತ್ತು. ಆ ರೂಢಿಯನ್ನು ಇಲ್ಲಿಗೆ ತರಬಾರದು. ಇಂಥ ನಾಯಿಯ ದೃಷ್ಟಿಯು ಕೆಲವೇ ದಿನಗಳಲ್ಲಿ ಹೋಗಬಹುದು. ಮಸೂರದ ಪ್ರೋಟೀನು ಸೋರಿ ಕಣ್ಣಿನೊಳಗೆ ಉರಿಯೂತವಾಗಬಹುದು. ಉಬ್ಬಿದ ಮಸೂರದ ಚೀಲವು ಒಡೆಯುವುದೂ ಉಂಟು. ಪೊರೆಯನ್ನು ಕರಗಿಸುವ ತೊಟ್ಟುಮದ್ದು ಯಾವುದೂ ಇಲ್ಲ. ಕಣ್ಣಿಗೆ ನಾಟಿಮದ್ದು ಹಿಂಡುವವರನ್ನು ದಯವಿಟ್ಟು ದೂರವಿಡಿರಿ.

ಶಸ್ತ್ರಚಿಕಿತ್ಸೆಗೆ ಮುಂಚೆ ಇನ್ಸುಲಿನ್ನಿನಿಂದ ಸಕ್ಕರೆಯು ಹತೋಟಿಗೆ ಬರಬೇಕು. ಪೊರೆಯ ಹಿಂದಿನ ಅಕ್ಷಿಪಟವು ಸರಿಯಾಗಿದೆಯೇ ಎಂದು ಯಂತ್ರಗಳಿಂದ ಪರೀಕ್ಷಿಸುತ್ತಾರೆ. ಅದು ಕೆಟ್ಟಿದ್ದರೆ ಪೊರೆ ತೆಗೆದೂ ಫಲವಿಲ್ಲ. ಅನಂತರ ಅರಿವಳಿಕೆ ಕೊಟ್ಟು, ಸಣ್ಣ ಗಾಯ ಮಾಡಿ, ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. ಈ ವಿಧಾನವನ್ನು 1967ರಲ್ಲಿ ಮನುಷ್ಯರಿಗಾಗಿ ಬಳಕೆಗೆ ತಂದವರು ಅಮೆರಿಕದ ಡಾಕ್ಟರ್ ಚಾರ್ಲ್ಸ್ ಕೆಲ್ಮನ್. ಬಳಿಕ ಕೃತಕ ಮಸೂರವನ್ನಿಡುತ್ತಾರೆ. ಮನುಷ್ಯರಿಗೆ ಸುಮಾರು 20 ಡಯಾಪ್ಟರಿನದು ಸಾಕು. ನಾಯಿಗೆ ಸುಮಾರು 41 ಬೇಕು.

ಮನೆಗೆ ಬಂದ ಮೇಲಿನ ಆರೈಕೆಯೇ ಹೆಚ್ಚು ಕಷ್ಟದ್ದು. ಕಣ್ಣನ್ನು ಕೆರೆದುಕೊಳ್ಳದಂತೆ ಕೊರಳಿಗೆ ಆಲಿಕೆಯಾಕಾರದ ತಡೆಯನ್ನು ಕಟ್ಟಬೇಕು. ದಿನಕ್ಕೆ ಹಲವು ಬಾರಿ, ವಾರಗಟ್ಟಲೆ, ಮದ್ದು ಹಾಕಬೇಕು. ಹಾರುವುದು, ಸ್ನಾನ ಬೇಡ. ಕೊರಳ ಪಟ್ಟಿಯನ್ನು ಎಳೆದರೆ ಕಣ್ಣಿನ ಒತ್ತಡ ಏರುವುದರಿಂದ ಎದೆಗೆ ಪಟ್ಟಿ ಕಟ್ಟಬೇಕು. ಇನ್ಸುಲಿನ್ ಮಾತ್ರ ಆಜೀವ ಪರ್ಯಂತ, ಸಾಮಾನ್ಯವಾಗಿ ದಿನಕ್ಕೆರಡು ಬಾರಿ. ಗ್ಲಾಕೋಮವಾಗಲಿ ಅಕ್ಷಿಪಟ ಕಳಚುವುದಾಗಲಿ ಅನಂತರವೂ ಸಂಭವಿಸಬಹುದಾದುದರಿಂದ ವೈದ್ಯರಿಗೆ ತೋರಿಸುತ್ತಿರಬೇಕು.

ಈ ಇನ್ಸುಲಿನ್ನಿನ ಋಣವು ನಾಯಿಗಳದೇ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ, ಮೆರಿಂಗ್ ಎಂಬವರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದಿತು. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್, ಬೆಸ್ಟ್ ಇವರು ಆ ಗ್ರಂಥಿಯ ಸಾರವನ್ನು ಮೊದಲು ಪರೀಕ್ಷಿಸಿದುದೂ ನಾಯಿಗಳ ಮೇಲೆಯೇ. ಮರುವರ್ಷ ಜನವರಿಯಲ್ಲಿ ಅದನ್ನು ಒಬ್ಬ ಹುಡುಗನಿಗೆ ಕೊಟ್ಟರು.

ಶಸ್ತ್ರಚಿಕಿತ್ಸೆಯ ವೆಚ್ಚವು ಎಲ್ಲರಿಗೂ ಎಟುಕುವಂಥದಲ್ಲ. ಆ ಬಾಲಕನ ಮನೆಯವರಿಗೂ ಎಟುಕಲಿಲ್ಲ. ಉರಿಯೂತಕ್ಕೆ ತೊಟ್ಟುಮದ್ದನ್ನು ಬಿಡದೆ ಹಾಕುತ್ತಾರೆ. ಹುಡುಗನು ಹಿಡಿದುಕೊಳ್ಳುತ್ತಾನೆ, ತಾಯಿ ಇನ್ಸುಲಿನ್ ಚುಚ್ಚುತ್ತಾಳೆ. ನಾಯಿ ಈಗ ಮೂಗಿನಿಂದಲೇ ದಾರಿ ಕಂಡುಕೊಂಡಿದೆ. ನೀರಿನ ಮಡಕೆಯನ್ನೂ ಜಗಲಿಯ ಬೆಂಚನ್ನೂ ಆ ಮನೆಯಲ್ಲಿ ಯಾರೂ ಕದಲಿಸುವುದಿಲ್ಲ.