ನಾಲ್ಕು ವರ್ಷದ ನಂತರ ಬಂದ ಕರೆ

ಚೆನ್ನೈನ ನಮ್ಮ ಕಚೇರಿಯಲ್ಲಿ ಒಮ್ಮೆ ಸ್ಟೆಮ್ ಸೆಲ್ ದಾನಿಗಳ ನೋಂದಣಿ ಶಿಬಿರ ನಡೆದಿತ್ತು. ಕೆಲಸದ ನಡುವೆ ಎದ್ದುಹೋಗಿ ಅರ್ಜಿ ತುಂಬಿ, ಹತ್ತಿಕಡ್ಡಿಯಿಂದ ಕೆನ್ನೆಯ ಒಳಭಾಗ ಉಜ್ಜಿಕೊಟ್ಟು ಬಂದೆ. ಆಮೇಲೆ ಮರೆತೇಬಿಟ್ಟೆ.

ನಾಲ್ಕು ವರ್ಷದ ನಂತರ ಫೋನ್ ಬಂತು. ರಕ್ತದ ಕಾಯಿಲೆಯ ರೋಗಿಯೊಬ್ಬರಿಗೆ ನನ್ನದು ಹೊಂದಬಹುದಂತೆ. ಖಚಿತಪಡಿಸಿಕೊಳ್ಳಲು ರಕ್ತ ಕೊಟ್ಟೆ. ಹೊಂದಿತು, ಹತ್ತಕ್ಕೆ ಹತ್ತು.

ಹಾಸನದಲ್ಲಿರುವ ಅಮ್ಮನಿಗೆ ಹೇಳಿದೆ. 'ಜಾತಕ ಕೂಡಿದ ಹಾಗೇನೋ?' ಎಂದರು. ಹೆಚ್ಚುಕಡಿಮೆ ಹಾಗೆಯೇ. ಇಲ್ಲಿ ಮುಖ್ಯವಾಗುವುದು ರಕ್ತದ ಗುಂಪಲ್ಲ, ಎಚ್‌ಎಲ್‌ಎ. ತನ್ನದು ಯಾವುದು, ಹೊರಗಿನದು ಯಾವುದು ಎಂದು ದೇಹ ಗುರುತಿಸುವುದು ಜೀವಕೋಶಗಳ ಮೇಲಿನ ಈ ಗುರುತಿನಿಂದ. ಇದರ ಜೀನ್‌ಗಳು 6ನೇ ವರ್ಣತಂತುವಿನಲ್ಲಿವೆ. ಅಪ್ಪನಿಂದ ಒಂದು ಕಟ್ಟು, ಅಮ್ಮನಿಂದ ಒಂದು ಕಟ್ಟು ಬರುತ್ತದೆ. ಐದು ಜೀನ್‌ಗಳ ಎರಡೆರಡು ಪ್ರತಿಗಳನ್ನು ಹೋಲಿಸಿದರೆ ಹತ್ತು ಅಂಕ. ಒಡಹುಟ್ಟಿದವರೊಬ್ಬರು ಪೂರ್ತಿ ಹೊಂದುವ ಸಾಧ್ಯತೆ ಶೇ 25 ಮಾತ್ರ. ಅರ್ಧ ಹೊಂದುವ ತಂದೆತಾಯಿಯಿಂದಲೂ ಈಗ ಕಸಿ ಮಾಡುತ್ತಾರೆ. ಆದರೂ ಎಷ್ಟೋ ರೋಗಿಗಳಿಗೆ ಪೂರ್ತಿ ಹೊಂದುವ ಅಪರಿಚಿತರನ್ನು ಹುಡುಕಬೇಕಾಗುತ್ತದೆ. ಪೂರ್ವಜರು ಒಂದೇ ಸೀಮೆಯವರಾಗಿದ್ದರೆ ಸಿಗುವ ಸಂಭವ ಹೆಚ್ಚು. ಜಗತ್ತಿನಲ್ಲಿ ನೋಂದಾಯಿತ ದಾನಿಗಳು 4 ಕೋಟಿಗೂ ಹೆಚ್ಚು. ಅವರಲ್ಲಿ ಭಾರತೀಯರು ತೀರಾ ಕಡಿಮೆ.

ಇಷ್ಟೆಲ್ಲ ಕೇಳಿದ ಅಮ್ಮ, 'ಬೆನ್ನುಮೂಳೆಗೆ ಸೂಜಿ ಹಾಕ್ತಾರಂತೆ. ನಾಳೆ ನಿನಗೇನಾದ್ರೂ ಆದ್ರೆ ಅಲ್ಲಿ ನೋಡೋರು ಯಾರು?' ಎಂದು ಫೋನ್ ಇಟ್ಟರು. ಎರಡು ದಿನ ಮಾತಿಲ್ಲ. ನಿಜ ಹೇಳಬೇಕೆಂದರೆ, ನನಗೂ ಒಳಗೊಳಗೇ ಅಳುಕು. ಆಗುವುದಿಲ್ಲ ಎಂದು ಹೇಳಿಬಿಡೋಣವೆಂದು ನೋಂದಣಿ ಸಂಸ್ಥೆಗೆ ಫೋನ್ ಮಾಡಿದೆ.

ಅಲ್ಲಿನ ಹೆಣ್ಣುಮಗಳು ಒತ್ತಾಯಿಸಲಿಲ್ಲ. 'ಇವತ್ತು ಬೇಡ ಅನ್ನಬಹುದು ಸರ್, ಅವರು ಬೇರೆ ದಾರಿ ನೋಡ್ತಾರೆ. ಆದರೆ ಕಸಿಗೆ ಕೆಲವು ದಿನ ಮುಂಚೆ ರೋಗಿಯ ಮಜ್ಜೆಯನ್ನು ಔಷಧಿ ಕೊಟ್ಟು ನಾಶ ಮಾಡ್ತಾರೆ. ಆಮೇಲೆ ಬೇಡ ಅಂದ್ರೆ ಅವರು ಉಳಿಯೋದು ಕಷ್ಟ' ಎಂದರು.

ಅಂದು ಸಂಜೆ ವೈದ್ಯರನ್ನೂ ಅಮ್ಮನನ್ನೂ ಒಂದೇ ಕರೆಯಲ್ಲಿ ಸೇರಿಸಿದೆ. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಹೇಳಿದೆ. ಬೆನ್ನುಮೂಳೆಯನ್ನು ಮುಟ್ಟುವುದೇ ಇಲ್ಲ. ಕೆಲವೊಮ್ಮೆ ಸೊಂಟದ ಎಲುಬಿನಿಂದ ಮಜ್ಜೆ ತೆಗೆಯುವುದುಂಟು, ಆದರೆ ನನ್ನ ವಿಷಯದಲ್ಲಿ ತೋಳಿನ ರಕ್ತನಾಳ ಸಾಕು. ಅಮ್ಮ ಒಂದೊಂದೇ ಪ್ರಶ್ನೆ ಕೇಳಿ ಕೊನೆಗೆ, 'ಕೊಡೋದಾದ್ರೆ ಕೊಡು, ನಡುವೆ ಮಾತ್ರ ಕೈಬಿಡಬೇಡ' ಎಂದರು.

ಐದು ದಿನ ಚುಚ್ಚುಮದ್ದು, ಜ್ವರ ಬಂದ ಹಾಗೆ ಮೈಕೈ ನೋವು. ಕೊನೆಯ ದಿನ ಐದು ಗಂಟೆ ಯಂತ್ರದ ಪಕ್ಕ ಮಲಗಿದ್ದೆ. ಒಂದು ತೋಳಿನಿಂದ ಹೋದ ರಕ್ತ ಸ್ಟೆಮ್ ಸೆಲ್‌ಗಳನ್ನು ಬಿಟ್ಟು ಇನ್ನೊಂದು ತೋಳಿಗೆ ಮರಳುತ್ತಿತ್ತು. ವಾರದೊಳಗೆ ಕಚೇರಿಗೆ ಹೋದೆ.

ನೀವಿರುವ ಊರಿನಲ್ಲಿ ಇಂಥ ಶಿಬಿರ ನಡೆದರೆ ಖಂಡಿತ ಹೋಗಿ. ಆದರೆ ಕೆನ್ನೆ ಉಜ್ಜಿಕೊಡುವ ಮೊದಲು ಮನೆಯವರೊಡನೆ ಮಾತಾಡಿ. ನಾನು ಅದನ್ನು ಮಾಡಿರಲಿಲ್ಲ. ಕೆಲಸ, ಊರು, ಮೊಬೈಲ್ ನಂಬರ್ ಬದಲಾದರೆ ನೋಂದಣಿ ಸಂಸ್ಥೆಗೂ ತಿಳಿಸಿ. ಹೊಂದಿದ ದಾನಿ ಫೋನಿಗೇ ಸಿಗದಿದ್ದರೆ ಏನು ಪ್ರಯೋಜನ?

ರೋಗಿ ಯಾರೆಂದು ನನಗೆ ಹೇಳಿಲ್ಲ, ನಿಯಮ ಹಾಗಿದೆ. ಅಮ್ಮ ಮಾತ್ರ ಅದೊಂದು ಮಗುವೆಂದು ತೀರ್ಮಾನಿಸಿಬಿಟ್ಟಿದ್ದಾರೆ. ಭಾನುವಾರ ಫೋನ್ ಮಾಡಿದಾಗ ನನ್ನ ಊಟ ಕೇಳುವ ಮೊದಲೇ ಕೇಳುತ್ತಾರೆ, 'ಆ ಮಗು ಹೇಗಿದೆಯಂತೆ?'